ಸೋತ ತಂಡದ ಎಸೆತಗಾರ

ಹುನಗುಂದದಿಂದ ಬಹು ದೂರವಲ್ಲದ ಐಹೊಳೆಯಲ್ಲಿ, ಮೇಗುಟಿ ಎಂಬ ಗುಡ್ಡದ ಮೇಲೆ, ಒಂದು ಪ್ರಾಚೀನ ಜಿನಾಲಯವಿದೆ. ಅದರ ಗೋಡೆಯಲ್ಲಿ ಕವಿ ರವಿಕೀರ್ತಿಯ ಸಂಸ್ಕೃತ ಶಾಸನವೊಂದನ್ನು ಇಂದಿಗೂ ನೋಡಬಹುದು. ಕ್ರಿ. ಶ. 634ರ ಸುಮಾರಿಗೆ ಕೆತ್ತಿಸಿದ ಈ ಶಾಸನವು ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಒಂದೊಂದಾಗಿ ಬಣ್ಣಿಸುತ್ತದೆ. ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ್ದು, ಕಂಚಿಯ ಪಲ್ಲವರನ್ನು ಅವರ ಕೋಟೆಯೊಳಗೇ ಅಡಗುವಂತೆ ಮಾಡಿದ್ದು, ಎಲ್ಲವೂ ಅಲ್ಲಿವೆ. ಎಂಟು ವರ್ಷ ಕಳೆಯುವಷ್ಟರಲ್ಲಿ, 642ರಲ್ಲಿ, ಅದೇ ಪಲ್ಲವರ ದೊರೆ ನರಸಿಂಹವರ್ಮನು ಚಾಲುಕ್ಯರ ರಾಜಧಾನಿ ಬಾದಾಮಿಯನ್ನು ಗೆದ್ದನು. ಆಗ ಬಾದಾಮಿಯ ಬಂಡೆಯ ಮೇಲೆ ಕೆತ್ತಿದ್ದು ನರಸಿಂಹವರ್ಮನ ಶಾಸನ. ಗೆದ್ದಾಗ ಗೆದ್ದವರು ಬರೆದರು. ಗೆದ್ದವರು ಬದಲಾದಾಗ ಬರೆಯುವವರೂ ಬದಲಾದರು. ಆ ಮುತ್ತಿಗೆಯ ದಿನಗಳಲ್ಲಿ ಕೋಟೆಯ ಯಾವ ಬಾಗಿಲನ್ನು ಯಾವ ಚಾಲುಕ್ಯ ಯೋಧನು ಎಷ್ಟು ಹೊತ್ತು ಕಾದನೆಂಬುದನ್ನು ಹೇಳುವ ಕಲ್ಲು ಒಂದೂ ಇಲ್ಲ.

ಈ ವಿಷಯದಲ್ಲಿ ಆಟದ ಮೈದಾನದ ಅಂಕಪುಸ್ತಕವು ಶಾಸನಕ್ಕಿಂತ ಹೆಚ್ಚು ನ್ಯಾಯವುಳ್ಳದ್ದು. ಗೆದ್ದ ತಂಡಕ್ಕೆ ಎಷ್ಟು ಪುಟವೋ ಸೋತ ತಂಡಕ್ಕೂ ಅಷ್ಟೇ ಪುಟ. ಗೆದ್ದವನ ಓಟಗಳನ್ನು ಬರೆದ ಲೇಖನಿಯೇ ಸೋತವನ ಓಟಗಳನ್ನೂ ಬರೆಯುತ್ತದೆ. ಕ್ರಿಕೆಟ್ ಪಂದ್ಯದಲ್ಲಿ ಚೆಂಡೆಸೆದ ಪ್ರತಿಯೊಬ್ಬನ ಹೆಸರಿನ ಮುಂದೆ ನಾಲ್ಕು ಅಂಕಿಗಳಿರುತ್ತವೆ: ಎಸೆದ ಓವರುಗಳು, ಓಟ ಕೊಡದೆ ಮುಗಿಸಿದ ಓವರುಗಳು, ಕೊಟ್ಟ ಓಟಗಳು, ಪಡೆದ ವಿಕೆಟ್ಟುಗಳು. ಪಂದ್ಯದ ಫಲಿತಾಂಶವನ್ನು ಕೈಯಿಂದ ಮುಚ್ಚಿಕೊಂಡು ಈ ನಾಲ್ಕು ಅಂಕಿಗಳನ್ನಷ್ಟೇ ಓದಿದರೆ ಆ ಎಸೆತಗಾರನು ಗೆದ್ದವರ ಕಡೆಯವನೋ ಸೋತವರ ಕಡೆಯವನೋ ತಿಳಿಯುವುದಿಲ್ಲ.

ಆದರೆ ಬರೆದಿಡುವುದು ಒಂದು, ಓದಿ ತಿಳಿಯುವುದು ಇನ್ನೊಂದು. ಸೋತ ತಂಡದವನ ಅಂಕಿಗಳನ್ನು ನಾವು ಸಾಮಾನ್ಯವಾಗಿ ಓದುವುದೇ ಇಲ್ಲ. ಓದಿದರೂ ಸೋಲಿನ ನೆರಳಿನಲ್ಲಿ ಓದುತ್ತೇವೆ. ಒಬ್ಬ ಆಟಗಾರನ ಸಾಲಿನಲ್ಲಿರುವ ಅಂಕಿಗಳಲ್ಲಿ ಅವನ ಕೈಯಿಂದ ಬಂದದ್ದೆಷ್ಟು, ಅವನ ಸುತ್ತಲಿನವರಿಂದ ಬಂದದ್ದೆಷ್ಟು ಎಂಬುದನ್ನು ಬೇರ್ಪಡಿಸುವುದು ಹೇಗೆ? ಈ ಪಾಠದಲ್ಲಿ ನಾವು ನೋಡಬೇಕಾದುದು ಇದನ್ನು.

ಮೊದಲು ನಮ್ಮ ಊರಿನದೇ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಇಳಕಲ್ಲಿನ ಒಂದು ಪ್ರೌಢಶಾಲೆಯ ತಂಡವು ಒಂದು ವರ್ಷದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದಗಳ ತಂಡಗಳೊಡನೆ 20 ಓವರುಗಳ 10 ಪಂದ್ಯಗಳನ್ನು ಆಡಿತು. ಎರಡನ್ನು ಗೆದ್ದು ಎಂಟನ್ನು ಸೋತಿತು ಎಂದು ಭಾವಿಸಿರಿ. ಆ ತಂಡದಲ್ಲಿ ಒಬ್ಬ ಹುಡುಗನಿದ್ದಾನೆ. ಹೊಸ ಚೆಂಡು ಅವನ ಕೈಗೆ ಬರುವುದಿಲ್ಲ. ಮೊದಲಿನ ಇಬ್ಬರು ಎಸೆದು, ಎದುರಾಳಿಯ ದಾಂಡಿಗರು ಬೇರೂರಿದ ಮೇಲೆ ನಾಯಕನಿಗೆ ಅವನ ನೆನಪಾಗುತ್ತದೆ. ವರ್ಷದ ಕೊನೆಗೆ ಅವನ ಲೆಕ್ಕ ಹೀಗಿದೆ: 60 ಓವರು, 240 ಓಟ, 20 ವಿಕೆಟ್ಟು.

ಕೊಟ್ಟ ಓಟಗಳನ್ನು ಪಡೆದ ವಿಕೆಟ್ಟುಗಳಿಂದ ಭಾಗಿಸಿದರೆ ಎಸೆತಗಾರನ ಸರಾಸರಿ ದೊರೆಯುತ್ತದೆ. 240ನ್ನು 20ರಿಂದ ಭಾಗಿಸಿದರೆ 12. ಓಟಗಳನ್ನು ಓವರುಗಳಿಂದ ಭಾಗಿಸಿದರೆ ಓವರಿಗೆ 4 ಓಟ. ಅವನು ಎಸೆದ ಚೆಂಡುಗಳು 360. ಅಂದರೆ 18 ಚೆಂಡುಗಳಿಗೊಂದು ವಿಕೆಟ್ಟು. ಈ ಮೂರು ಲೆಕ್ಕಗಳನ್ನು ಐದನೆಯ ತರಗತಿಯ ಮಗುವೂ ಮಾಡಬಲ್ಲದು. ಆದರೆ 12 ಎಂಬುದು ಒಳ್ಳೆಯದೋ ಕೆಟ್ಟದ್ದೋ? ಆ ಅಂಕಿಯನ್ನು ಮಾತ್ರ ಎಷ್ಟು ಹೊತ್ತು ನೋಡುತ್ತಾ ಕುಳಿತರೂ ಉತ್ತರ ದೊರೆಯಲಾರದು. ಮೈದಾನ ಹೇಗಿತ್ತು, ಎದುರಾಳಿ ಯಾರು ಎಂಬುದನ್ನು ಅವಲಂಬಿಸಿ ಅದರ ಬೆಲೆ ಏರುತ್ತದೆ, ಇಳಿಯುತ್ತದೆ. ಬಿರುಕುಬಿಟ್ಟ ಎರೆಯ ನೆಲದಲ್ಲಿ ಎಂತಹವನ ಚೆಂಡೂ ತಿರುಗೀತು. ಗಟ್ಟಿಯಾದ ಮರಡಿ ನೆಲದಲ್ಲಿ ಬಲ್ಲವನ ಚೆಂಡೂ ನೇರವಾಗಿ ಹೋದೀತು.

ಇದಕ್ಕೆ ಸುಲಭವಾದ ಒಂದು ಉಪಾಯವಿದೆ. ಅದೇ ಮೈದಾನಗಳಲ್ಲಿ, ಅದೇ ಎದುರಾಳಿಗಳಿಗೆ ಅವನ ಜೊತೆಗಾರರು ಹೇಗೆ ಎಸೆದರೆಂದು ನೋಡಬೇಕು. ಹತ್ತು ಪಂದ್ಯಗಳಲ್ಲಿ ಆ ತಂಡವು ಒಟ್ಟು 200 ಓವರು ಎಸೆದು, 1200 ಓಟ ಕೊಟ್ಟು, 60 ವಿಕೆಟ್ಟು ಪಡೆದಿದೆಯೆನ್ನೋಣ. ಇದರಿಂದ ನಮ್ಮ ಹುಡುಗನ ಪಾಲನ್ನು ಕಳೆಯಿರಿ. ಉಳಿದವರು 140 ಓವರುಗಳಲ್ಲಿ 960 ಓಟ ಕೊಟ್ಟು 40 ವಿಕೆಟ್ಟು ಪಡೆದಿದ್ದಾರೆ. ಅವರ ಸರಾಸರಿ 24. ಓವರಿಗೆ ಹತ್ತಿರ ಹತ್ತಿರ 7 ಓಟ. ಈಗ 12 ಎಂಬ ಅಂಕಿಗೆ ಬಾಯಿ ಬಂದಿತು. ಜೊತೆಗಾರರು ಒಂದು ವಿಕೆಟ್ಟಿಗೆ ತೆತ್ತ ಬೆಲೆಯಲ್ಲಿ ಅವನು ಎರಡನ್ನು ಕೊಂಡುತಂದಿದ್ದಾನೆ. ತಂಡವು ಎಂಟು ಪಂದ್ಯ ಸೋತದ್ದು ನಿಜ. ಆದರೆ ಆ ಸೋಲನ್ನು ಹನ್ನೊಂದು ಪಾಲು ಮಾಡಿ ಇವನಿಗೂ ಒಂದು ಪಾಲನ್ನು ಹೊರಿಸುವುದು ಲೆಕ್ಕವಲ್ಲ.

ಹಾಗೆ ಹೊರಿಸುವುದನ್ನೇ ನಾವು ಎಲ್ಲೆಲ್ಲೂ ಮಾಡುತ್ತಿರುತ್ತೇವೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದವನು ನಾನು. ಪರೀಕ್ಷೆಯ ಫಲಿತಾಂಶ ಬಂದ ದಿನ ಶಾಲೆಯ ಶೇಕಡಾ ಲೆಕ್ಕವೊಂದೇ ಊರವರ ಬಾಯಲ್ಲಿ. ಶೇಕಡಾ 30 ಎಂದು ಕೇಳಿದೊಡನೆ ಆ ಶಾಲೆಯಿಂದ ಬಂದವರೆಲ್ಲ ದಡ್ಡರೆಂಬ ತೀರ್ಮಾನ. ಆ ಮೂವತ್ತರಲ್ಲಿ ಸಂಜೆಯವರೆಗೆ ಮಗ್ಗದ ಕೆಲಸಕ್ಕೆ ಕೈಗೂಡಿಸಿ ರಾತ್ರಿ ಓದಿದ ಹುಡುಗಿ ಇರಬಹುದೆಂದು ಯಾರೂ ಕೇಳುವುದಿಲ್ಲ.

ಮಗ್ಗದ ಮಾತು ಬಂದಿತು. ಇಳಕಲ್ಲಿನ ಸೀರೆ ನಿಮಗೆಲ್ಲ ಚಿರಪರಿಚಿತ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಈ ಎರಡು ಹಾಸುಗಳ ನೂಲುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆ ನೇಯ್ಗೆ ಸಾಗಬೇಕು. ತೋಪುತೆನಿ ಸೆರಗಿನ ಕೆಂಪು ಬಿಳುಪನ್ನು ಎಲ್ಲರೂ ಮೆಚ್ಚುತ್ತಾರೆ. ಗೋಮಿ, ಚಿಕ್ಕಿ ಮೊದಲಾದ ದಡಿಗಳ ಹೆಸರು ಹೇಳಿ ಬೆಲೆ ಕೇಳುತ್ತಾರೆ. ಕೊಂಡಿಯನ್ನು ಯಾರೂ ನೋಡುವುದಿಲ್ಲ. ಇನ್ನೊಬ್ಬರು ಹಾಸಿಟ್ಟ ನೂಲಿಗೆ ಬಂದು ಕೈಹಚ್ಚುವವನ ಕೆಲಸ ಯಾವಾಗಲೂ ಇಂಥದೇ. ಹಿಂದಿನವನು ಎಳೆ ಸಡಿಲ ಬಿಟ್ಟಿದ್ದರೆ ಸುಕ್ಕು ಕಾಣುವುದು ಇವನ ನೇಯ್ಗೆಯಲ್ಲಿ.

ನಡುವೆ ಬಂದು ಚೆಂಡೆಸೆಯುವವನಿಗೂ ಇದೇ ಪಾಡು. ಎದುರಾಳಿಯ ಓಟ 15 ಆಗಿ ನಾಲ್ವರು ಔಟಾದಾಗ ಎಸೆಯಲು ಬಂದವನ ಕೆಲಸ ಒಂದು ಬಗೆ. ಓಟ 90 ಆಗಿ ಒಬ್ಬನೇ ಔಟಾಗಿರುವಾಗ ಬಂದವನದು ಇನ್ನೊಂದು ಬಗೆ. ಅಂಕಪುಸ್ತಕದ ನಾಲ್ಕು ಅಂಕಿಗಳಲ್ಲಿ ಈ ಭೇದ ಕಾಣಿಸದು. ಜಾರಿಬಿದ್ದ ಕ್ಯಾಚುಗಳೂ ಕಾಣಿಸವು. ಅವನ ಎಸೆತಕ್ಕೆ ಎದ್ದ ಚೆಂಡು ಜೊತೆಗಾರನ ಕೈಯಿಂದ ಜಾರಿತೆಂದರೆ ವಿಕೆಟ್ಟು ಹೋಯಿತು. ಆ ದಾಂಡಿಗನು ಮುಂದೆ ಹೊಡೆದ ಓಟಗಳು ಮಾತ್ರ ಎಸೆತಗಾರನ ಲೆಕ್ಕಕ್ಕೆ ಸೇರಿದವು.

ಈ ತೊಡಕನ್ನು ಬಹು ಸೂಕ್ಷ್ಮವಾಗಿ ವಿಚಾರಮಾಡಿದವರು ಅಮೆರಿಕದ ಬೇಸ್‌ಬಾಲ್ ಆಟದವರು. ಆ ಆಟವನ್ನು ನಿಮ್ಮಲ್ಲಿ ಅನೇಕರು ಕಂಡಿರಲಾರಿರಿ. ಆದುದರಿಂದ ಎರಡು ಮಾತು ಹೇಳಬೇಕು. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಕ್ರಿಕೆಟ್ಟಿನಲ್ಲಿರುವಂತೆ ಇಬ್ಬರು ಎರಡು ತುದಿಗಳಿಂದ ಸರದಿಯಾಗಿ ಎಸೆಯುವ ಪದ್ಧತಿ ಅಲ್ಲಿಲ್ಲ; ಒಬ್ಬನೇ ಎಸೆಯುತ್ತಾ ಹೋಗುತ್ತಾನೆ. ಅವನು ದಣಿದಾಗ ಅಥವಾ ಪೆಟ್ಟು ತಿಂದಾಗ ಹೊರಕ್ಕೆ ಕರೆಸಿ ಬೇರೊಬ್ಬನನ್ನು ಕಳುಹಿಸುತ್ತಾರೆ. ಹೊರಗೆ ಹೋದವನು ಆ ಪಂದ್ಯದಲ್ಲಿ ಮರಳಿ ಬರುವಂತಿಲ್ಲ. ಹೀಗೆ ಬದಲಿಗೆ ಬಂದವನೇ ರಿಲೀಫ್ ಪಿಚರ್. ದಾಂಡಿಗರು ಚೆಂಡನ್ನು ಹೊಡೆದು ಮೂರು ನೆಲೆಗಳನ್ನು ಮುಟ್ಟಿ ಮೂಲಸ್ಥಾನಕ್ಕೆ ಮರಳಿದರೆ ಒಂದು ಓಟ. ಬದಲಿಯವನು ಬರುವ ಹೊತ್ತಿಗೆ ಎದುರಾಳಿಗಳು ಇಬ್ಬರೋ ಮೂವರೋ ನೆಲೆಗಳ ಮೇಲೆ ನಿಂತಿರುವುದುಂಟು. ಅವರು ಇವನ ಎಸೆತದಲ್ಲಿ ಮನೆ ಸೇರಿದರೂ ಆ ಓಟಗಳನ್ನು ಹಿಂದಿನವನ ಹೆಸರಿಗೇ ಬರೆಯುತ್ತಾರೆ. ನೆಲೆಯ ಮೇಲೆ ಅವರನ್ನು ಬಿಟ್ಟುಹೋದವನು ಅವನಲ್ಲವೇ? ನ್ಯಾಯವೇನೋ ಸರಿ. ಆದರೆ ಬದಲಿಯವನು ಆ ಮೂವರನ್ನೂ ಮನೆಗೆ ಬಿಟ್ಟರೂ ಅವನ ಸಾಲು ಶುಭ್ರವಾಗಿ ಉಳಿಯುತ್ತದೆ. ಮೂವರನ್ನೂ ತಡೆದು ನಿಲ್ಲಿಸಿದರೆ ಆ ಸಾಹಸವೂ ಅದೇ ಸಾಲಿನಲ್ಲಿ ಕಾಣದೆ ಹೋಗುತ್ತದೆ. ಲೆಕ್ಕವನ್ನು ಎಷ್ಟು ಎಚ್ಚರದಿಂದ ಕಟ್ಟಿದರೂ ಎಲ್ಲಿಯೋ ಒಂದು ಎಳೆ ಜಾರುತ್ತದೆ.

ಆ ಆಟದಲ್ಲಿ ಇನ್ನೊಂದು ವಿಚಿತ್ರ ಪದ್ಧತಿಯಿದೆ. ಪಂದ್ಯದ ಗೆಲುವು ಸೋಲುಗಳನ್ನು ತಂಡದ ಹೆಸರಿಗೆ ಬರೆಯುವುದು ಸಾಲದೆಂದು ಒಬ್ಬೊಬ್ಬ ಪಿಚರನ ಹೆಸರಿಗೂ ಬರೆಯುತ್ತಾರೆ. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ರಾಯ್ ಫೇಸ್ ಎಂಬ ಬದಲಿ ಎಸೆತಗಾರರ ಹೆಸರಿನಲ್ಲಿ 18 ಗೆಲುವು, ಒಂದೇ ಸೋಲು ದಾಖಲಾದವು. ಜೆರೋಮ್ ಹೋಲ್ಟ್ಸ್‌ಮನ್ ಎಂಬ ಪತ್ರಕರ್ತರಿಗೆ ಇದು ಸರಿಯೆನಿಸಲಿಲ್ಲ. ತಂಡದ ಮುನ್ನಡೆಯನ್ನು ಕಳೆದು, ಆಮೇಲೆ ಜೊತೆಗಾರರು ಓಟ ಗಳಿಸಿಕೊಟ್ಟಾಗ ಗೆಲುವನ್ನು ಪಡೆಯುವವನಿಗಿಂತ, ಇದ್ದ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದವನು ಹೆಚ್ಚಿನವನಲ್ಲವೇ ಎಂಬುದು ಅವರ ವಾದ. ಅಂತಹ ಕಾವಲನ್ನು ಎಣಿಸಲು ಅವರು 'ಸೇವ್' ಎಂಬ ಹೊಸ ಅಂಕಿಯನ್ನು ರೂಪಿಸಿದರು. 1969ರಲ್ಲಿ ಅದು ಅಧಿಕೃತವಾಯಿತು. ಆದರೆ ಕಾಯಲು ಮುನ್ನಡೆಯಾದರೂ ಇರಬೇಕಲ್ಲ! ಸೋಲುವ ತಂಡದಲ್ಲಿ ಅದು ದೊರೆಯುವುದೇ ಅಪರೂಪ.

ನ್ಯೂಯಾರ್ಕ್ ಮೆಟ್ಸ್ ತಂಡದ ಆಂಥೋನಿ ಯಂಗ್ ಅವರ ಕಥೆ ಇದಕ್ಕೆ ನಿದರ್ಶನ. 1992 ಮತ್ತು 1993ರಲ್ಲಿ, ಕೆಲವು ಪಂದ್ಯಗಳಲ್ಲಿ ಮೊದಲಿಗರಾಗಿ, ಕೆಲವುಗಳಲ್ಲಿ ಬದಲಿಯವರಾಗಿ ಎಸೆದ ಅವರ ಹೆಸರಿಗೆ ಸಾಲಾಗಿ 27 ಸೋಲುಗಳು ಬಂದವು. ಅಮೆರಿಕದ ದೊಡ್ಡ ಲೀಗುಗಳಲ್ಲಿ ಅಷ್ಟು ಸೋಲುಗಳು ಹಾಗೆ ಎಡೆಬಿಡದೆ ಬೇರಾರಿಗೂ ಬಂದಿರಲಿಲ್ಲ. 1993ರಲ್ಲಿ ಅವರ ಹೆಸರಿನಲ್ಲಿ ಒಂದು ಗೆಲುವು, 16 ಸೋಲು. ಇಷ್ಟನ್ನೇ ಕೇಳಿದವರು ಆತನಿಗೆ ಎಸೆಯಲು ಬರುತ್ತಿರಲಿಲ್ಲವೆಂದೇ ತಿಳಿದಾರು. ಆದರೆ ಜೊತೆಗಾರರ ತಪ್ಪುಗಳಿಂದ ಹೋದ ಓಟಗಳನ್ನು ಬಿಟ್ಟು ಒಂಬತ್ತು ಇನ್ನಿಂಗ್ಸುಗಳಿಗೆ ಸರಾಸರಿ ಎಷ್ಟು ಓಟ ಕೊಟ್ಟರೆಂಬ ಲೆಕ್ಕ ತೆಗೆದರೆ ಅದು 3.77, ಆ ವರ್ಷ ಆ ಲೀಗಿನ ಎಲ್ಲ ಎಸೆತಗಾರರ ಒಟ್ಟು ಸರಾಸರಿಗಿಂತ ಉತ್ತಮವಾದದ್ದು. ಅವರ ತಂಡವೋ 162 ಪಂದ್ಯಗಳಲ್ಲಿ 103ನ್ನು ಸೋತಿತ್ತು. ಆ ವರ್ಷದ ಜುಲೈ 28ರಂದು ಸರಪಳಿ ಕಡಿಯಿತು. ಕಡಿದ ರೀತಿಯೇ ಸ್ವಾರಸ್ಯವಾಗಿದೆ. ಎರಡೂ ತಂಡಗಳು ಸಮವಾಗಿದ್ದಾಗ ಯಂಗ್ ಕೊನೆಯ ಇನ್ನಿಂಗ್ಸಿನಲ್ಲಿ ಬದಲಿಯಾಗಿ ಬಂದರು; ಎದುರಾಳಿಗೆ ಒಂದು ಓಟ ಹೋಯಿತು; ತಂಡ ಹಿಂದೆ ಬಿದ್ದಿತು. ಬಳಿಕ ಜೊತೆಗಾರರು ಎರಡು ಓಟ ಗಳಿಸಿ ಪಂದ್ಯ ಗೆದ್ದರು. ಎಷ್ಟೋ ದಿನ ಚೆನ್ನಾಗಿ ಎಸೆದು ಸೋಲು ಬರೆಸಿಕೊಂಡವರಿಗೆ ಎದುರಾಳಿಗೆ ಓಟ ಹೋದ ದಿನ ಗೆಲುವು ಬಂದಿತು.

ಹಾಗೆಂದು ಸೋತ ತಂಡದಲ್ಲಿ ಹೊಳೆಯುವ ಅಂಕಿಗಳೆಲ್ಲವೂ ಅಪರಂಜಿಯೆಂದು ಬಗೆಯಬಾರದು. ಎದುರಾಳಿಯ ಹತ್ತು ಮಂದಿ ಔಟಾಗುವುದಾದರೆ ಆ ವಿಕೆಟ್ಟುಗಳು ಬಹುಮಟ್ಟಿಗೆ ಯಾರದಾದರೂ ಲೆಕ್ಕಕ್ಕೆ ಸೇರುತ್ತವೆ. ಬೇರೆ ಗತಿಯಿಲ್ಲದ ನಾಯಕ ಒಬ್ಬನಿಂದಲೇ ಹೆಚ್ಚು ಓವರುಗಳನ್ನು ಎಸೆಯಿಸಿದರೆ ಅವನ ವಿಕೆಟ್ಟುಗಳ ಸಂಖ್ಯೆ ತಾನಾಗಿ ಏರುತ್ತದೆ. ಗೆಲುವು ಖಚಿತವಾದ ಮೇಲೆ ದಾಂಡಿಗರು ಅಜಾಗರೂಕರಾಗಿ ಬೀಸುವುದುಂಟು. ಆಗ ಬಿದ್ದ ವಿಕೆಟ್ಟುಗಳಿಗೂ ಪಂದ್ಯದ ಬಿಸಿಯಲ್ಲಿ ಬಿದ್ದವುಗಳಿಗೂ ಅಂಕಪುಸ್ತಕದಲ್ಲಿ ಬೆಲೆ ಒಂದೇ. ಒಂದೆರಡು ಪಂದ್ಯಗಳ ಲೆಕ್ಕವನ್ನು ನಂಬುವುದಂತೂ ಸಲ್ಲದು. 1997ರವರೆಗೆ ನಮ್ಮ ಬಾಗಲಕೋಟೆಯೂ ಸೇರಿದ್ದ ಹಳೆಯ ಬಿಜಾಪುರ ಜಿಲ್ಲೆಯ ಕೇಂದ್ರವಾದ ವಿಜಯಪುರದವರು ರಾಜೇಶ್ವರಿ ಗಾಯಕವಾಡ. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಜುಲೈ 15ರಂದು ನ್ಯೂಜಿಲೆಂಡಿನ ವಿರುದ್ಧ ಅವರು 15 ಓಟಗಳಿಗೆ 5 ವಿಕೆಟ್ಟು ಪಡೆದರು. ಎದುರಾಳಿ 79ಕ್ಕೆ ಮುಗಿಯಿತು. ಎಂಟು ದಿನಗಳ ಬಳಿಕ ಲಾರ್ಡ್ಸ್ ಮೈದಾನದ ಅಂತಿಮ ಪಂದ್ಯದಲ್ಲಿ ಅವರಿಗೆ ದೊರೆತದ್ದು ಒಂದೇ ವಿಕೆಟ್ಟು. ಇಂಗ್ಲೆಂಡಿನ 228ಕ್ಕೆ ಉತ್ತರವಾಗಿ ಭಾರತ 219 ಗಳಿಸಿ 9 ಓಟಗಳಿಂದ ಸೋತಿತು. ಎಂಟು ದಿನಗಳಲ್ಲಿ ಒಬ್ಬರ ಕೈಚಳಕ ಐದು ಪಾಲಿನಿಂದ ಒಂದು ಪಾಲಿಗೆ ಇಳಿಯಿತೆಂದು ಯಾರೂ ಹೇಳಲಾರರು. ಪಂದ್ಯಗಳು ಕೂಡುತ್ತಾ ಹೋದಂತೆ ಮಾತ್ರ ಅದೃಷ್ಟದ ಪಾಲು ಕರಗಿ ಕೈಯ ಪಾಲು ಉಳಿಯುತ್ತದೆ.

ಇನ್ನು, ಹೇಳಲೇಬೇಕಾದ ಕನ್ನಡ ನಾಡಿನ ಎಸೆತಗಾರರ ಮಾತಿಗೆ ಬರೋಣ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಎರಪಳ್ಳಿ ಪ್ರಸನ್ನ ಅವರು ಆಫ್ ಸ್ಪಿನ್ ಎಸೆತದಲ್ಲಿ ಜಗತ್ತಿನ ಶ್ರೇಷ್ಠರಲ್ಲೊಬ್ಬರು. 1962ರಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೆ ಹೋಗಿಬಂದರು. ಅನಂತರ ಮೈಸೂರಿನಲ್ಲಿ ಇಂಜಿನಿಯರಿಂಗ್ ಶಿಕ್ಷಣವನ್ನು ಪೂರೈಸುವ ಸಲುವಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದು, ಸುಮಾರು ಐದು ವರ್ಷಗಳ ಮೇಲೆ ಮರಳಿದರು. ಚೆಂಡನ್ನು ಮೇಲಕ್ಕೆ ತೂಗಿಬಿಡುವುದು ಅವರ ವಿಶೇಷ. ಇಲ್ಲಿ ಬಿದ್ದೀತೆಂದು ದಾಂಡಿಗ ಮುಂದೆ ಬಂದರೆ ಅದು ಒಂದು ಗೇಣು ಮೊದಲೇ ಇಳಿಯುತ್ತಿತ್ತು. ಇಂತಹ ಎಸೆತಕ್ಕೆ ಧೈರ್ಯ ಬೇಕು, ಸುತ್ತ ಕ್ಯಾಚು ಹಿಡಿಯುವ ಕೈಗಳು ಬೇಕು, ಬೆನ್ನಿಗೆ ಸಾಕಷ್ಟು ಓಟಗಳೂ ಬೇಕು.

1967ರ ಡಿಸೆಂಬರಿನಲ್ಲಿ ಭಾರತ ತಂಡವು ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟ್ ಪಂದ್ಯಗಳ ಸರಣಿಯನ್ನು ಆರಂಭಿಸಿತು. ಆಗಿನ ನಮ್ಮ ತಂಡದಲ್ಲಿ ನಿಜವಾದ ವೇಗದ ಎಸೆತಗಾರರ ಕೊರತೆಯಿತ್ತು. ಮಧ್ಯಮವೇಗದವರು ಹೊಸ ಚೆಂಡಿನ ಹೊಳಪನ್ನು ತೆಗೆಯುವಷ್ಟು ಓವರು ಎಸೆದು ಕೊಟ್ಟ ಮೇಲೆ ಇಡೀ ದಿನದ ಭಾರ ಸ್ಪಿನ್ ಎಸೆತಗಾರರದು. ನಮ್ಮ ನಾಡಿನ ಇನ್ನೊಬ್ಬ ಮಹಾ ಎಸೆತಗಾರ ಬಿ. ಎಸ್. ಚಂದ್ರಶೇಖರ್ ಅವರು ಎರಡು ಪಂದ್ಯಗಳ ಬಳಿಕ ಗಾಯಗೊಂಡು ತಾಯ್ನಾಡಿಗೆ ಮರಳಬೇಕಾಯಿತು. ಹೆಚ್ಚಿನ ಹೊರೆ ಪ್ರಸನ್ನ ಅವರ ಹೆಗಲಿಗೆ ಬಿದ್ದಿತು.

ನಾಲ್ಕು ಪಂದ್ಯಗಳನ್ನೂ ಭಾರತ ಸೋತಿತು. ಅಡಿಲೇಡಿನಲ್ಲಿ 146 ಓಟಗಳಿಂದ, ಮೆಲ್ಬರ್ನಿನಲ್ಲಿ ಒಂದು ಇನ್ನಿಂಗ್ಸ್ ಮತ್ತು 4 ಓಟಗಳಿಂದ, ಬ್ರಿಸ್ಬೇನಿನಲ್ಲಿ 39 ಓಟಗಳಿಂದ, ಸಿಡ್ನಿಯಲ್ಲಿ 144 ಓಟಗಳಿಂದ. ದೂರದರ್ಶನವು ನಮ್ಮ ಊರುಗಳಿಗೆ ಬರದಿದ್ದ ಕಾಲ ಅದು. ಪತ್ರಿಕೆಯಲ್ಲಿ ಸೋಲಿನ ಸುದ್ದಿ ಓದಿದವರಿಗೆ ನೆನಪಿನಲ್ಲಿ ಉಳಿದದ್ದು ನಾಲ್ಕಕ್ಕೆ ನಾಲ್ಕು ಎಂಬುದೊಂದೇ.

ಆ ಸರಣಿಯಲ್ಲಿ ಪ್ರಸನ್ನ ಅವರು 686 ಓಟಗಳನ್ನು ಕೊಟ್ಟು 25 ವಿಕೆಟ್ಟುಗಳನ್ನು ಪಡೆದರು. ಸರಾಸರಿ 27.44. ಇಳಕಲ್ಲಿನ ಹುಡುಗನ ಲೆಕ್ಕದಲ್ಲಿ ಕಲಿತ ಉಪಾಯವನ್ನು ಇಲ್ಲಿ ಹಚ್ಚಿ ನೋಡೋಣ. ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾ ಒಮ್ಮೆ ಮಾತ್ರ ಆಡಿತು. ಉಳಿದ ಮೂರು ಕಡೆ ಎರಡೆರಡು ಸಲ. ಆ ಏಳು ಇನ್ನಿಂಗ್ಸುಗಳ ಮೊತ್ತಗಳು 335, 369, 529, 379, 294, 317, 292. ಎಲ್ಲವನ್ನೂ ಕೂಡಿಸಿದರೆ 2515. ಇದರಲ್ಲಿ ಪ್ರಸನ್ನ ಅವರ 686ನ್ನು ಕಳೆದರೆ 1829 ಉಳಿಯಿತು. ಏಳು ಇನ್ನಿಂಗ್ಸುಗಳಲ್ಲಿ ಬೀಳಬಹುದಾದ ವಿಕೆಟ್ಟುಗಳು 70. ಅವರ 25ನ್ನು ಕಳೆದರೆ 45. ಇತರೆ ಓಟಗಳನ್ನೂ ಸೇರಿಸಿಕೊಂಡು ಉಳಿದವರಿಗೆಲ್ಲ ಒಂದೊಂದು ವಿಕೆಟ್ಟು 40ಕ್ಕೂ ಹೆಚ್ಚು ಓಟಗಳಿಗೆ ಬಿದ್ದಿತು. ಒಂದೇ ನೆಲ, ಒಂದೇ ಎದುರಾಳಿ. 27 ಒಂದು ಕಡೆ, 40 ಇನ್ನೊಂದು ಕಡೆ.

ಮೆಲ್ಬರ್ನಿನ ಪಂದ್ಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಭಾರತ ಮೊದಲು ಆಡಿ 173ಕ್ಕೆ ಮುಗಿಯಿತು. ಎಸೆತಗಾರರು ಕೈಕಾಲು ಚಾಚಿ ವಿಶ್ರಮಿಸುವ ಮುಂಚೆಯೇ ಮತ್ತೆ ಮೈದಾನಕ್ಕೆ ಇಳಿಯಬೇಕಾಯಿತು. ಆಸ್ಟ್ರೇಲಿಯಾದ ಮೂವರು ಶತಕ ಹೊಡೆದರು, ಮೊತ್ತ 529. ಅಂತಹ ಇನ್ನಿಂಗ್ಸಿನಲ್ಲಿ ಪ್ರಸನ್ನ ಅವರದು 141 ಓಟಗಳಿಗೆ 6 ವಿಕೆಟ್ಟು. ಮಿಕ್ಕವರೆಲ್ಲರ ಮತ್ತು ಇತರೆ ಓಟಗಳ ಲೆಕ್ಕ 388. ಬೆನ್ನಿಗೆ 173 ಓಟಗಳಷ್ಟೇ ಇರುವಾಗ ನಾಯಕನು ದಾಂಡಿಗನ ಸುತ್ತ ಹಿಡಿಯುವವರನ್ನು ನಿಲ್ಲಿಸಿದರೆ ಬೌಂಡರಿಗಳು ಹೋಗುತ್ತವೆ. ಅವರನ್ನು ಗೆರೆಗೆ ಕಳುಹಿಸಿದರೆ ಕ್ಯಾಚುಗಳು ಹೋಗುತ್ತವೆ. ಇನ್ನೂ ಒಂದು ನಷ್ಟವಿದೆ. ಭಾರತ ಒಂದು ಇನ್ನಿಂಗ್ಸಿನಿಂದ ಸೋತುದರಿಂದ ಪ್ರಸನ್ನ ಅವರಿಗೆ ಆ ಪಂದ್ಯದಲ್ಲಿ ಎರಡನೆಯ ಸಲ ಎಸೆಯುವ ಅವಕಾಶವೇ ಬರಲಿಲ್ಲ. ಗೆಲ್ಲುವ ತಂಡದ ಎಸೆತಗಾರನಿಗೆ ಎರಡು ಸಲ ಉಳುವ ಹೊಲವಿದ್ದರೆ, ಸೋಲುವ ತಂಡದವನಿಗೆ ಕೆಲವೊಮ್ಮೆ ಒಂದೇ.

ಗೆಲುವು ಖಚಿತವಾದ ತಂಡದವರು ಬೀಸಿ ಕೊಟ್ಟ ವಿಕೆಟ್ಟುಗಳು ಅವು ಎಂದು ಆಕ್ಷೇಪಿಸುವವರು ಇರಬಹುದು. ಅದಕ್ಕೆ ಉತ್ತರ ಬ್ರಿಸ್ಬೇನಿನಲ್ಲಿದೆ. ಅಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಆಸ್ಟ್ರೇಲಿಯಾ 379, ಭಾರತ 279. ಸರಿಯಾಗಿ 100 ಓಟಗಳ ಅಂತರ. ಪಂದ್ಯ ಇನ್ನೂ ಜೀವಂತವಾಗಿತ್ತು. ಎರಡನೆಯ ಸಲ ಆಸ್ಟ್ರೇಲಿಯಾ 400 ಗಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರಸನ್ನ ಅವರು 104 ಓಟಗಳಿಗೆ 6 ಮಂದಿಯನ್ನು ಔಟುಮಾಡಿ 294ಕ್ಕೆ ಕಟ್ಟಿಹಾಕಲು ನೆರವಾದರು. ಗೆಲ್ಲಲು 395 ಬೇಕಾಗಿದ್ದ ಭಾರತ, ಕೆಲವೇ ದಿನಗಳ ಹಿಂದೆ ವಿಮಾನದಲ್ಲಿ ಬಂದಿಳಿದ ಜಯಸಿಂಹ ಅವರ ಶತಕದ ಬಲದಿಂದ 355ರವರೆಗೆ ಹೋಯಿತು. 40 ಓಟ ಕಡಿಮೆಯಾಯಿತು. ಆ 40 ಓಟಗಳು ದಾಂಡಿನಿಂದ ಬರಬೇಕಾದವು, ಎಸೆತದಿಂದಲ್ಲ. ಅವು ಬಂದಿದ್ದರೆ ಆ ಆರು ವಿಕೆಟ್ಟುಗಳನ್ನು ಇಂದಿಗೂ ಮಕ್ಕಳು ಬಾಯಿಪಾಠ ಹೇಳುತ್ತಿದ್ದರು. ಬಾರದುದರಿಂದ ಅವನ್ನು ಹುಡುಕಿ ಓದಬೇಕಾಗಿದೆ.

ಸಿಡ್ನಿಯ ಸೋಲಿನ ಬಳಿಕ ತಂಡವು ಸಮುದ್ರ ದಾಟಿ ನ್ಯೂಜಿಲೆಂಡಿಗೆ ಹೋಯಿತು. 1968ರ ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಅಲ್ಲಿಯೂ ನಾಲ್ಕು ಟೆಸ್ಟ್ ಪಂದ್ಯಗಳು ನಡೆದವು. ನಾಯಕ ಪಟೌಡಿಯವರೇ; ಪ್ರಸನ್ನ ಅವರೂ ಇದ್ದರು. ಎದುರಾಳಿಯ ದಾಂಡಿಗರು ಮಾತ್ರ ಆಸ್ಟ್ರೇಲಿಯಾದವರಷ್ಟು ಬಲಿಷ್ಠರಾಗಿರಲಿಲ್ಲ. ಡುನೆಡಿನ್ನಿನ ಮೊದಲ ಪಂದ್ಯವನ್ನು ಭಾರತ 5 ವಿಕೆಟ್ಟುಗಳಿಂದ ಗೆದ್ದಿತು. ವಿದೇಶದ ನೆಲದಲ್ಲಿ ಭಾರತಕ್ಕೆ ದೊರೆತ ಮೊಟ್ಟಮೊದಲ ಟೆಸ್ಟ್ ಗೆಲುವು ಅದು. ಆ ಪಂದ್ಯದ ಎರಡನೆಯ ಇನ್ನಿಂಗ್ಸಿನಲ್ಲಿ ಪ್ರಸನ್ನ ಅವರು 94 ಓಟಗಳಿಗೆ 6 ವಿಕೆಟ್ಟು ಪಡೆದರು. ಕ್ರೈಸ್ಟ್‌ಚರ್ಚಿನಲ್ಲಿ ಸೋತು, ವೆಲಿಂಗ್ಟನ್ ಮತ್ತು ಆಕ್ಲೆಂಡಿನಲ್ಲಿ ಗೆದ್ದ ಭಾರತ, ವಿದೇಶದಲ್ಲಿ ತನ್ನ ಮೊದಲ ಸರಣಿಯನ್ನು ಮೂರಕ್ಕೆ ಒಂದರಂತೆ ಗೆದ್ದುಕೊಂಡಿತು. ಈಗ ಪ್ರಸನ್ನ ಅವರ ಹೆಸರು ಎಲ್ಲರ ಬಾಯಲ್ಲಿ. ಮುಂದೆ ಅವರು 49 ಟೆಸ್ಟುಗಳಲ್ಲಿ 189 ವಿಕೆಟ್ಟು ಪಡೆದದ್ದೂ, 1973-74ರಲ್ಲಿ ಕರ್ನಾಟಕದ ನಾಯಕರಾಗಿ ಮುಂಬಯಿಯ ಹದಿನೈದು ವರ್ಷಗಳ ಆಧಿಪತ್ಯವನ್ನು ಮುರಿದು ರಣಜಿ ಟ್ರೋಫಿಯನ್ನು ತಂದದ್ದೂ ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆ ನಾಲ್ಕು ತಿಂಗಳ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿರಿ. ಆಸ್ಟ್ರೇಲಿಯಾದಲ್ಲಿ 4 ಪಂದ್ಯ, 686 ಓಟ, 25 ವಿಕೆಟ್ಟು. ತಂಡಕ್ಕೆ ನಾಲ್ಕೂ ಸೋಲು. ನ್ಯೂಜಿಲೆಂಡಿನಲ್ಲಿ 4 ಪಂದ್ಯ, 451 ಓಟ, 24 ವಿಕೆಟ್ಟು. ತಂಡಕ್ಕೆ ಮೂರು ಗೆಲುವು, ಒಂದು ಸೋಲು. ಸರಾಸರಿಯು 27ರಿಂದ 19ರ ಹತ್ತಿರಕ್ಕೆ ಇಳಿದದ್ದು ಎದುರಾಳಿಯ ಬಲ ತಗ್ಗಿದ್ದರ ಗುರುತು. ವಿಕೆಟ್ಟುಗಳಲ್ಲಿ ವ್ಯತ್ಯಾಸ ಒಂದೇ ಒಂದು. ಆ ಒಂದು ಹೆಚ್ಚಾಗಿ ದೊರೆತದ್ದು ಸೋತ ನಾಡಿನಲ್ಲಿ.